ಹದಿನಾಲ್ಕು ರಾತ್ರಿ ಕೈಗೆ ಕಟ್ಟಿದ ಯಂತ್ರ ಆರು ತಾಸು ನಿದ್ರೆ ಎನ್ನುತ್ತದೆ, ನನಗೆ ಬಂದದ್ದು ಮೂರೇ ತಾಸು: ಯಾವುದನ್ನು ನಂಬಬೇಕು?

ಬೆಟಗೇರಿ_ಅಕ್ಕಾವ್ರು, ಗದಗ

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ವಯಸ್ಸು 43. ಕಳೆದ ಎಂಟು ತಿಂಗಳಿನಿಂದ ನನಗೆ ಸರಿಯಾಗಿ ನಿದ್ರೆ ಬರುತ್ತಿಲ್ಲ. ರಾತ್ರಿ ಒಂಬತ್ತೂವರೆಗೆ ದೀಪ ಆರಿಸಿ ಮಲಗುತ್ತೇನೆ. ಓಣಿಯಲ್ಲಿ ಕೊನೆಯ ಮಗ್ಗದ ಸದ್ದು ನಿಲ್ಲುವುದೂ ತಿಳಿಯುತ್ತದೆ, ರಾತ್ರಿ ರೈಲು ಹಾದುಹೋಗುವುದೂ ತಿಳಿಯುತ್ತದೆ. ಬೆಳಗಿನ ಐದೂ ನಲವತ್ತಕ್ಕೆ ಏಳುವಾಗ ಒಟ್ಟು ಮೂರು ತಾಸು ಮಲಗಿದ್ದರೆ ಹೆಚ್ಚು ಎಂದು ಅನ್ನಿಸುತ್ತದೆ. ಮಧ್ಯಾಹ್ನ ಮಕ್ಕಳ ಮುಂದೆ ನಿಂತಾಗ ಮಗ್ಗಿ ಹೇಳಿಸುತ್ತ ಹೇಳಿಸುತ್ತ ನಾನೇ ಎಲ್ಲಿದ್ದೆ ಎಂಬುದು ಮರೆತು ಹೋಗುತ್ತದೆ.

ಹುಬ್ಬಳ್ಳಿಯ ಒಬ್ಬ ವೈದ್ಯರಿಗೆ ತೋರಿಸಿದೆ. ಅವರು ರಾತ್ರಿಯಿಡೀ ಆಸ್ಪತ್ರೆಯಲ್ಲಿ ಮಲಗಿಸಿ ಮಾಡುವ ಪರೀಕ್ಷೆಯನ್ನು ಬರೆದುಕೊಡಲಿಲ್ಲ. ಅದರ ಬದಲು ಗಡಿಯಾರದಂಥ ಒಂದು ಯಂತ್ರವನ್ನು ಹದಿನಾಲ್ಕು ದಿನ ಎಡಗೈಗೆ ಕಟ್ಟಿಕೊಳ್ಳಲು ಕೊಟ್ಟು, ಇದಕ್ಕೆ ಆ್ಯಕ್ಟಿಗ್ರಫಿ ಎನ್ನುತ್ತಾರೆ ಎಂದು ಹೇಳಿದರು. ಜೊತೆಗೆ ನಿದ್ರೆಯ ದಿನಚರಿ ಬರೆಯಲು ಒಂದು ಹಾಳೆಯನ್ನೂ ಕೊಟ್ಟಿದ್ದರು. ಶಾಲೆಯ ಕೆಲಸದ ನಡುವೆ ಮೊದಲ ನಾಲ್ಕು ದಿನ ಮಾತ್ರ ಅದನ್ನು ಬರೆದೆ, ಆಮೇಲೆ ಬಿಟ್ಟುಹೋಯಿತು. ವರದಿಯ ಸರಾಸರಿ ಹೀಗಿದೆ: ಹಾಸಿಗೆಯಲ್ಲಿ ಕಳೆದದ್ದು 8 ತಾಸು 10 ನಿಮಿಷ, ನಿದ್ರೆ ಹತ್ತಲು ಹಿಡಿದದ್ದು 38 ನಿಮಿಷ, ನಡುವೆ ಎಚ್ಚರವಿದ್ದದ್ದು 58 ನಿಮಿಷ, ಒಟ್ಟು ನಿದ್ರೆ 6 ತಾಸು 20 ನಿಮಿಷ. ನಿದ್ರೆಯ ದಕ್ಷತೆ, ಅಂದರೆ ಹಾಸಿಗೆಯಲ್ಲಿ ಕಳೆದ ಸಮಯದಲ್ಲಿ ನಿದ್ರೆಯ ಪಾಲು, ಶೇ. 77 ಎಂದು ಬರೆದಿದ್ದಾರೆ. ಅದೇ ದಿನಗಳಲ್ಲಿ ನಮ್ಮ ಮನೆಯವರ ಸ್ಮಾರ್ಟ್ ವಾಚನ್ನು ಎರಡು ರಾತ್ರಿ ಬಲಗೈಗೆ ಕಟ್ಟಿಕೊಂಡಿದ್ದೆ. ಅದು 7 ತಾಸು 40 ನಿಮಿಷ ಎಂದು ತೋರಿಸಿತು.

ಈಗ ಮನೆಯಲ್ಲಿ ಎಲ್ಲರೂ "ಯಂತ್ರವೇ ಹೇಳುತ್ತದೆ, ನೀನು ಚೆನ್ನಾಗಿಯೇ ಮಲಗುತ್ತಿ, ಸುಮ್ಮನೆ ಚಿಂತೆ ಮಾಡುತ್ತಿ" ಎನ್ನುತ್ತಿದ್ದಾರೆ. ನಿದ್ರೆ ಇಲ್ಲದ ದಣಿವಿಗಿಂತ ಈ ಮಾತು ಹೆಚ್ಚು ನೋಯಿಸುತ್ತಿದೆ. ಮುಂದಿನ ಭೇಟಿಗೆ ಇನ್ನೂ ಮೂರು ವಾರವಿದೆ. ಅಷ್ಟರೊಳಗೆ ಈ ಯಂತ್ರ ನಿಜವಾಗಿ ಏನನ್ನು ಅಳೆಯುತ್ತದೆ ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ಇನ್ನೊಂದು ಮಾತು: ನಮ್ಮ ಮಾವನವರಿಗೆ 68 ವರ್ಷ. ಅವರು ಜೋರಾಗಿ ಗೊರಕೆ ಹೊಡೆಯುತ್ತಾರೆ, ನಡುನಡುವೆ ಉಸಿರು ಕಟ್ಟಿದಂತಾಗಿ ಬೆಚ್ಚಿ ಏಳುತ್ತಾರೆ. ಅವರಿಗೂ ಇದೇ ಯಂತ್ರವನ್ನು ಕಟ್ಟಿಸಿದರೆ ಸಾಕೆ?

ನಿದ್ರಾಪರೀಕ್ಷೆ_ಹುಬ್ಬಳ್ಳಿ

ಅಕ್ಕಾವ್ರೇ, ನಾನು ಹುಬ್ಬಳ್ಳಿಯಲ್ಲಿ ನಿದ್ರೆಯ ಪರೀಕ್ಷೆಗಳನ್ನು ಮಾಡುವ ತಂತ್ರಜ್ಞ. ವೈದ್ಯನಲ್ಲದ ಕಾರಣ ಔಷಧ ಮತ್ತು ಚಿಕಿತ್ಸೆಯ ಮಾತಿಗೆ ಹೋಗುವುದಿಲ್ಲ. ಆದರೆ ನೀವು ಕಟ್ಟಿಕೊಂಡಿದ್ದ ಯಂತ್ರದ ಒಳಗೆ ಏನು ನಡೆಯುತ್ತದೆ ಎಂಬುದನ್ನು ದಿನನಿತ್ಯ ನೋಡುತ್ತಿರುವುದರಿಂದ, ಮೊದಲು ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಆ ವರದಿ ನಿಮ್ಮನ್ನು ಸುಳ್ಳುಗಾರ್ತಿಯನ್ನಾಗಿ ಮಾಡುವುದಿಲ್ಲ. ಮನೆಯವರಿಗೆ ಇದನ್ನು ಓದಿ ಹೇಳಿ.

ಆ ಯಂತ್ರ ನಿದ್ರೆಯನ್ನು ಅಳೆಯುವುದಿಲ್ಲ, ಕೈಯ ಅಲುಗಾಟವನ್ನು ಅಳೆಯುತ್ತದೆ. ಅದರೊಳಗಿನ ಸಂವೇದಕ ದಾಖಲಿಸಿದ ಚಲನೆಯನ್ನು 30 ಸೆಕೆಂಡಿಗೊಮ್ಮೆ ಅಥವಾ ನಿಮಿಷಕ್ಕೊಮ್ಮೆ ಒಟ್ಟುಗೂಡಿಸಿ ಒಂದು ಅಂಕಿಯಾಗಿ ಬರೆದಿಡುತ್ತದೆ. ಆ ಅಂಕಿಗಳ ಸಾಲಿನಿಂದ "ಈ ನಿಮಿಷ ನಿದ್ರೆ, ಈ ನಿಮಿಷ ಎಚ್ಚರ" ಎಂದು ತೀರ್ಮಾನಿಸುವುದು ಒಂದು ಗಣಿತ ಸೂತ್ರ. ಈ ವಿಧಾನ 1970ರ ದಶಕದಲ್ಲಿ ಬೆಳೆಯಿತು. ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಎರಡು ಸೂತ್ರಗಳು 1992 ಮತ್ತು 1994ರಲ್ಲಿ ಪ್ರಕಟವಾದವು. 1992ರ ಕೋಲ್ ಮತ್ತು ಕ್ರಿಪ್ಕೆ ಸೂತ್ರವು ಒಂದು ನಿಮಿಷವನ್ನು ನಿರ್ಧರಿಸುವಾಗ ಆ ನಿಮಿಷದ ಚಲನೆಯನ್ನಷ್ಟೇ ನೋಡದೆ, ಅದರ ಹಿಂದಿನ ನಾಲ್ಕು ನಿಮಿಷಗಳನ್ನೂ ಮುಂದಿನ ಎರಡು ನಿಮಿಷಗಳನ್ನೂ ಬೇರೆ ಬೇರೆ ತೂಕ ಕೊಟ್ಟು ಕೂಡಿಸುತ್ತದೆ. ಮೊತ್ತ ಒಂದು ಮಿತಿಗಿಂತ ಕಡಿಮೆಯಾದರೆ ನಿದ್ರೆ, ಹೆಚ್ಚಾದರೆ ಎಚ್ಚರ. ಅದಕ್ಕಾಗಿಯೇ ನಿದ್ರೆಯಲ್ಲಿ ಒಮ್ಮೆ ಮಗ್ಗಲು ಬದಲಿಸಿದ ಮಾತ್ರಕ್ಕೆ ಅದು ಎಚ್ಚರ ಎಂದು ಬರೆಯುವುದಿಲ್ಲ. ಅದೇ ಕಾರಣಕ್ಕೆ, ಎಚ್ಚರವಾಗಿದ್ದೂ ಅಲುಗಾಡದೆ ಮಲಗಿದವರನ್ನು ಅದು ನಿದ್ರೆಯಲ್ಲಿದ್ದಾರೆ ಎಂದು ಬರೆದುಬಿಡುತ್ತದೆ.

ನಿಮ್ಮ ವರದಿಯ ಗುಟ್ಟು ಇಲ್ಲಿದೆ. 77 ಜನರನ್ನು ಪ್ರಯೋಗಾಲಯದಲ್ಲಿ ಮಲಗಿಸಿ, ತಲೆಗೆ ತಂತಿ ಜೋಡಿಸಿ ಮಿದುಳಿನ ಅಲೆಗಳನ್ನು ನೋಡುವ ಪಾಲಿಸೋಮ್ನೋಗ್ರಫಿ ಪರೀಕ್ಷೆಯನ್ನೂ ಕೈಯ ಯಂತ್ರವನ್ನೂ ಒಟ್ಟಿಗೆ ನಡೆಸಿ ಹೋಲಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮಿದುಳಿನ ಅಲೆಗಳು ನಿದ್ರೆ ಎಂದು ತೋರಿಸಿದ ಅವಧಿಯಲ್ಲಿ ಸುಮಾರು ಶೇ. 96ರಷ್ಟನ್ನು ಕೈಯ ಯಂತ್ರವೂ ನಿದ್ರೆ ಎಂದೇ ಗುರುತಿಸಿತ್ತು. ಆದರೆ ಮಿದುಳು ಎಚ್ಚರವಾಗಿದ್ದ ಅವಧಿಯಲ್ಲಿ ಅದು ಎಚ್ಚರ ಎಂದು ಗುರುತಿಸಿದ್ದು ಸುಮಾರು ಶೇ. 33ರಷ್ಟನ್ನು ಮಾತ್ರ. ಹಾಸಿಗೆಯಲ್ಲಿ ನೀವು ಕಣ್ಣು ಬಿಟ್ಟುಕೊಂಡು ಕಳೆದ ಮೂರು ನಿಮಿಷಗಳಲ್ಲಿ ಎರಡನ್ನು ಈ ಯಂತ್ರ ನಿದ್ರೆಯ ಖಾತೆಗೆ ಜಮೆ ಮಾಡಿರುವ ಸಾಧ್ಯತೆ ಇದೆ ಎಂದು ಇದರರ್ಥ. ಹಾಯಾಗಿ ನಿದ್ರೆ ಮಾಡುವವರಲ್ಲಿ ಈ ತಪ್ಪು ಲೆಕ್ಕಕ್ಕೇ ಬರುವುದಿಲ್ಲ, ಏಕೆಂದರೆ ಅವರು ಎಚ್ಚರವಿರುವುದೇ ಕಡಿಮೆ. ನಿದ್ರಾಹೀನತೆ ಇರುವವರಲ್ಲಿಯೇ ಅದು ದೊಡ್ಡದಾಗುತ್ತದೆ.

ಹಾಗೆಂದು ನಿಮ್ಮ ಮೂರು ತಾಸೇ ಸರಿ ಎಂದೂ ನಾನು ಹೇಳಲಾರೆ. ನಿದ್ರಾಹೀನತೆಯಿಂದ ಬಳಲುವವರು ತಾವು ನಿದ್ರೆ ಮಾಡಿದ ಅವಧಿಯನ್ನು ನಿಜಕ್ಕಿಂತ ಕಡಿಮೆ ಎಂದು ಅಂದಾಜು ಮಾಡುವುದು ಮಿದುಳಿನ ಅಲೆಗಳ ಪರೀಕ್ಷೆಯಲ್ಲಿಯೂ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಅದು ಸೋಗಲ್ಲ, ಆ ತೊಂದರೆಯದೇ ಒಂದು ಲಕ್ಷಣ. ಯಂತ್ರ ಒಂದು ಕಡೆಗೆ ಜಗ್ಗುತ್ತದೆ, ದಣಿದ ಮನಸ್ಸು ಇನ್ನೊಂದು ಕಡೆಗೆ ಜಗ್ಗುತ್ತದೆ. ನಿಮ್ಮ ನಿಜವಾದ ನಿದ್ರೆ ಈ ಎರಡರ ನಡುವೆ ಎಲ್ಲೋ ಇರಬಹುದು.

ನಿಮ್ಮನ್ನು ಒಂದು ವಿಷಯ ಕೇಳಬೇಕಿದೆ. ನಿದ್ರೆ ಬಾರದಾಗ ನೀವು ಹಾಸಿಗೆಯಲ್ಲಿ ಏನು ಮಾಡುತ್ತೀರಿ? ಹೊರಳಾಡುತ್ತೀರಾ, ಏಳುತ್ತೀರಾ, ಅಥವಾ ಮಕ್ಕಳಿಗೆ ಎಚ್ಚರವಾಗದಿರಲಿ ಎಂದು ಅಲುಗದೆ ಮಲಗಿರುತ್ತೀರಾ? ದಿನಚರಿಯನ್ನು ಬಿಟ್ಟುಬಿಟ್ಟದ್ದು ನಿಜವಾದ ನಷ್ಟ. ಆ ಹಾಳೆಯಿಲ್ಲದೆ ವರದಿಯನ್ನು ಓದುವುದು, ತಾರೀಖು ಬರೆಯದ ಹಾಜರಿ ಪುಸ್ತಕವನ್ನು ಓದಿದಂತೆ. ದೀಪ ಆರಿಸಿದ್ದು ಎಷ್ಟು ಗಂಟೆಗೆ, ಯಂತ್ರವನ್ನು ಕಳಚಿಟ್ಟದ್ದು ಯಾವಾಗ, ಮಧ್ಯಾಹ್ನ ಮಲಗಿದ್ದಿರೋ ಸುಮ್ಮನೆ ಪುಸ್ತಕ ಓದುತ್ತ ಕುಳಿತಿದ್ದಿರೋ, ಇವೆಲ್ಲವನ್ನು ಅಂಕಿಗಳು ತಾವಾಗಿ ಹೇಳಲಾರವು.

ಮೆಣಸಿನಕಾಯಿ_ರೈತ, ಹಾವೇರಿ ಜಿಲ್ಲೆ

ಅಕ್ಕಾವ್ರೇ, ಮೇಲಿನ ಅಣ್ಣಾವರು ದಿನಚರಿಯ ಬಗ್ಗೆ ಹೇಳಿದ ಮಾತಿಗೆ ನನ್ನದೇ ಉದಾಹರಣೆ ಇದೆ. ಬ್ಯಾಡಗಿ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಹೊಲ, ಒಂದು ಬೋರ್‌ವೆಲ್. ಎರಡು ವರ್ಷದ ಹಿಂದೆ ನನಗೂ ನಿದ್ರೆ ಕೆಟ್ಟು, ಹತ್ತಿರದ ಊರಿನಲ್ಲಿ ಕೊಟ್ಟ ಮಾತ್ರೆ ನುಂಗುತ್ತ, ಅದು ಸಾಲದೆ ಇನ್ನೊಂದು ಕೇಳುವ ಹಂತಕ್ಕೆ ಬಂದಿದ್ದೆ. ಧಾರವಾಡದಲ್ಲಿ ಓದುತ್ತಿದ್ದ ಮಗ ಒತ್ತಾಯ ಮಾಡಿ ಅಲ್ಲಿಯ ವೈದ್ಯರ ಬಳಿ ಕರೆದುಕೊಂಡು ಹೋದ. ಅಲ್ಲಿ ನನಗೂ ಇದೇ ಯಂತ್ರವನ್ನು ಎರಡು ವಾರ ಕಟ್ಟಿದರು.

ಯಂತ್ರ ಮರಳಿಸಿದ ದಿನ ವೈದ್ಯರು ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿದರು. ಒಂದೊಂದು ದಿನಕ್ಕೆ ಒಂದೊಂದು ಸಾಲು, ಕೈ ಅಲುಗಿದಲ್ಲೆಲ್ಲ ಕಪ್ಪು ಗೆರೆಗಳು, ಅಲುಗದಲ್ಲಿ ಬಿಳಿ ಜಾಗ. ಒಂದರ ಕೆಳಗೊಂದು ಹದಿನಾಲ್ಕು ಸಾಲು ನೋಡಿದಾಗ ನನ್ನ ಕಣ್ಣಿಗೇ ಎಲ್ಲ ತಿಳಿಯಿತು. ಹೊಲಕ್ಕೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದ ವಾರದಲ್ಲಿ ಒಂದೂವರೆಯಿಂದ ನಾಲ್ಕರವರೆಗೆ ಕಪ್ಪು ಪಟ್ಟಿ, ಹಗಲು ಪಾಳಿ ಬಂದ ವಾರದಲ್ಲಿ ಆ ಜಾಗವೆಲ್ಲ ಬಿಳಿ. ನಾನು ರಾತ್ರಿ ಪಾಳಿಯ ವಾರದಲ್ಲಿ ಹಗಲು ಎರಡು ಸಲ ಮಲಗುತ್ತಿದ್ದೆ, ಮುಂದಿನ ವಾರ ರಾತ್ರಿ ಒಂಬತ್ತಕ್ಕೇ ನಿದ್ರೆ ಬರಲಿ ಎಂದು ಹಟ ಹಿಡಿಯುತ್ತಿದ್ದೆ. ಅದು ಬಾರದಿದ್ದಾಗ ಮಾತ್ರೆ. ವೈದ್ಯರು "ನಿಮ್ಮ ನಿದ್ರೆ ಕೆಟ್ಟಿಲ್ಲ, ನಿಮ್ಮ ದೇಹದ ಗಡಿಯಾರಕ್ಕೆ ಯಾವ ಊರಿನ ವೇಳೆ ಎಂಬುದೇ ತಿಳಿಯದಂತಾಗಿದೆ" ಎಂದರು. ಮಾತ್ರೆಯನ್ನು ಅವರ ಹೇಳಿಕೆಯಂತೆಯೇ ಹಂತಹಂತವಾಗಿ ಇಳಿಸಿದೆವು. ಈಗ ತಮ್ಮನೂ ನಾನೂ ಪಾಳಿ ಹಂಚಿಕೊಂಡು ನೀರು ಬಿಡುತ್ತೇವೆ. ಈ ಸಂಗತಿಯನ್ನು ಒಂದೇ ರಾತ್ರಿಯ ಪರೀಕ್ಷೆ ಹಿಡಿಯುತ್ತಿರಲಿಲ್ಲ, ನಾನು ಬಾಯಿಯಲ್ಲಿ ಹೇಳಿದರೂ ಅಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ಆದರೆ ಆ ಚಿತ್ರದಲ್ಲಿ ಎರಡು ತಪ್ಪುಗಳಿದ್ದವು. ಒಂದು ದಿನ ಬೆಳಿಗ್ಗೆ ಬೆಳೆಗೆ ಔಷಧ ಹೊಡೆಯುವಾಗ ಯಂತ್ರ ಹಾಳಾಗದಿರಲಿ ಎಂದು ಕಳಚಿ ಗೋಡೆಯ ಗೂಡಿನಲ್ಲಿ ಇಟ್ಟು ಮರೆತಿದ್ದೆ. ಅದನ್ನು ಯಂತ್ರ ಐದು ತಾಸಿನ ಗಾಢ ನಿದ್ರೆ ಎಂದು ಬರೆದುಕೊಂಡಿತ್ತು. ಇನ್ನೊಂದು ರಾತ್ರಿ ಮೆಣಸಿನಕಾಯಿಯನ್ನು ಟೆಂಪೋದಲ್ಲಿ ಮಾರುಕಟ್ಟೆಗೆ ಒಯ್ಯುವಾಗ ಚೀಲಗಳ ಮೇಲೆಯೇ ಒಳ್ಳೆಯ ನಿದ್ರೆ ಮಾಡಿದ್ದೆ. ಗಾಡಿಯ ಕುಲುಕಾಟದಿಂದಾಗಿ ಅದು ಪೂರ್ತಿ ಎಚ್ಚರ ಎಂದು ಬಂದಿತ್ತು. ಮಗ ಬಿಡದೆ ದಿನಚರಿ ಬರೆಸಿದ್ದರಿಂದ ಎರಡನ್ನೂ ತೆಗೆದುಹಾಕಿ ಲೆಕ್ಕ ಮಾಡಿದರು.

ವಿದ್ಯಾನಗರ_ಇಲೆಕ್ಟ್ರಾನಿಕ್ಸ್, ಹುಬ್ಬಳ್ಳಿ

ರೈತ ಅಣ್ಣಾವರ ಟೆಂಪೋ ಉದಾಹರಣೆ ಬಹಳ ಸೂಕ್ತವಾದದ್ದು. ಧಾರವಾಡದ ನಮ್ಮ ಅಜ್ಜಿಯ ಮನೆಯಲ್ಲಿ ಇಂದಿಗೂ ತೂಗುಮಂಚವಿದೆ. ಮಧ್ಯಾಹ್ನ ಊಟವಾದ ಮೇಲೆ ಅದರಲ್ಲಿ ಮಲಗಿದಾಗ ಮಂಚ ತೂಗುವಷ್ಟು ಹೊತ್ತು ಕೈಯ ಯಂತ್ರಕ್ಕೆ ಚಲನೆಯೇ ಕಾಣುತ್ತದೆ. ಎಳೆಯ ಮಕ್ಕಳ ನಿದ್ರೆಯನ್ನು ಈ ವಿಧಾನದಿಂದ ಅಳೆಯುವಾಗ ತೊಟ್ಟಿಲು ತೂಗಿದ್ದು, ಎತ್ತಿಕೊಂಡು ತಿರುಗಾಡಿದ್ದು ಇವೆಲ್ಲ ಇದೇ ತೊಂದರೆಯನ್ನು ಕೊಡುವುದರಿಂದ ತಾಯಂದಿರು ಅದನ್ನು ಬರೆದಿಡಲೇಬೇಕು.

ನಾನು ಇಲೆಕ್ಟ್ರಾನಿಕ್ಸ್ ಕಲಿಸುವವನು, ಆದ್ದರಿಂದ ಸ್ಮಾರ್ಟ್ ವಾಚಿನ ಪ್ರಶ್ನೆಗೆ ಉತ್ತರಿಸುತ್ತೇನೆ. ವೈದ್ಯರು ಕೊಟ್ಟ ಯಂತ್ರ, ಸ್ಮಾರ್ಟ್ ವಾಚು ಎರಡರಲ್ಲಿಯೂ ಇರುವ ಆ್ಯಕ್ಸೆಲರೋಮೀಟರ್, ಅಂದರೆ ಚಲನೆಯ ಸಂವೇದಕ, ಹೆಚ್ಚುಕಡಿಮೆ ಒಂದೇ ಜಾತಿಯದು: ಸಿಲಿಕಾನಿನಲ್ಲಿ ಕೊರೆದ, ಕೂದಲಿಗಿಂತ ತೆಳುವಾದ ಸ್ಪ್ರಿಂಗುಗಳ ಮೇಲೆ ನಿಂತ ಒಂದು ಅತಿ ಸಣ್ಣ ತೂಕ, ಕೈ ಅಲುಗಿದಾಗ ಅದು ಸರಿಯುತ್ತದೆ, ಅದರ ಪಕ್ಕದ ಫಲಕಗಳ ನಡುವಿನ ಕೆಪಾಸಿಟೆನ್ಸ್, ಅಂದರೆ ವಿದ್ಯುದಂಶ ಹಿಡಿದಿಡುವ ಶಕ್ತಿ, ಬದಲಾಗುತ್ತದೆ. ಮೂರು ದಿಕ್ಕುಗಳಲ್ಲಿ ಹೀಗೆ ಅಳೆಯುವುದರಿಂದ, ಕೈ ಅಲುಗದಿದ್ದಾಗಲೂ ಗುರುತ್ವಾಕರ್ಷಣೆಯ ದಿಕ್ಕಿನಿಂದ ಕೈ ಯಾವ ಕೋನದಲ್ಲಿದೆ ಎಂಬುದು ತಿಳಿಯುತ್ತದೆ. 2015ರಲ್ಲಿ ಪ್ರಕಟವಾದ ಒಂದು ವಿಧಾನ ಚಲನೆಯ ಎಣಿಕೆಯನ್ನೇ ಬಿಟ್ಟು, ಐದು ನಿಮಿಷದವರೆಗೆ ತೋಳಿನ ಕೋನ 5 ಡಿಗ್ರಿಗಿಂತ ಹೆಚ್ಚು ಬದಲಾಗದಿದ್ದರೆ ಅದನ್ನು ನಿದ್ರೆ ಎಂದು ಪರಿಗಣಿಸುತ್ತದೆ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ಆರೋಗ್ಯ ಸಂಶೋಧನಾ ಯೋಜನೆಯಲ್ಲಿ 2013ರಿಂದ 2015ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಏಳು ದಿನ ಮಣಿಕಟ್ಟಿಗೆ ಇಂಥ ಮಾಪಕವನ್ನು ಕಟ್ಟಿಕೊಂಡಿದ್ದರು. ಅಷ್ಟು ಜನರನ್ನು ಆಸ್ಪತ್ರೆಯಲ್ಲಿ ಮಲಗಿಸಿ ಪರೀಕ್ಷಿಸುವುದು ಯಾರಿಂದಲೂ ಆಗದ ಮಾತು.

ಸ್ಮಾರ್ಟ್ ವಾಚುಗಳು ಇದರ ಜೊತೆಗೆ ಹಸಿರು ಬೆಳಕಿನಿಂದ ನಾಡಿಬಡಿತವನ್ನೂ ನೋಡುತ್ತವೆ, ಅದನ್ನು ಸೇರಿಸಿ "ಗಾಢ ನಿದ್ರೆ, ಹಗುರ ನಿದ್ರೆ, ಕನಸಿನ ನಿದ್ರೆ" ಎಂದು ಬಣ್ಣದ ಪಟ್ಟಿ ಬಿಡಿಸುತ್ತವೆ. ಅದು ಮಿದುಳಿನ ಅಲೆಗಳನ್ನು ನೋಡಿ ಬರೆದದ್ದಲ್ಲ, ನಾಡಿ ಮತ್ತು ಚಲನೆಯಿಂದ ಮಾಡಿದ ಊಹೆ. ಹೆಚ್ಚಿನ ಕಂಪನಿಗಳು ತಮ್ಮ ಸೂತ್ರವನ್ನು ಹೊರಗೆ ತೋರಿಸುವುದಿಲ್ಲ, ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗ ಅದು ಬದಲಾಗಬಹುದು. ವೈದ್ಯಕೀಯ ಯಂತ್ರದಲ್ಲಿ ಕಚ್ಚಾ ದಾಖಲೆ ಕೈಗೆ ಸಿಗುತ್ತದೆ, ಯಾವ ಸೂತ್ರ ಬಳಸಿದರು ಎಂದು ಕೇಳಬಹುದು. ಅಕ್ಕಾವ್ರು ಬೇರೆ ಕೈಗೆ, ಬೇರೆ ಸೂತ್ರದ ವಾಚನ್ನು, ಎರಡೇ ರಾತ್ರಿ ಕಟ್ಟಿದ್ದಾರೆ. ಆ 7 ತಾಸು 40 ನಿಮಿಷವನ್ನು ಈ ಲೆಕ್ಕದಿಂದ ಕೈಬಿಡುವುದೇ ಸರಿ ಎಂದು ನನ್ನ ಅಭಿಪ್ರಾಯ. ನಿದ್ರೆಯ ಅಂಕಗಳನ್ನು ಹೆಚ್ಚಿಸಿಕೊಳ್ಳಬೇಕೆಂಬ ಚಿಂತೆಯಿಂದಲೇ ನಿದ್ರೆ ಕೆಡಿಸಿಕೊಳ್ಳುವವರ ಬಗ್ಗೆ 2017ರಲ್ಲಿ ಅಮೆರಿಕದ ಸಂಶೋಧಕರು ಬರೆದು, ಆ ಸ್ಥಿತಿಗೆ ಆರ್ಥೋಸೋಮ್ನಿಯಾ ಎಂದು ಹೆಸರಿಟ್ಟರು. ಬೆಳಿಗ್ಗೆ ಎದ್ದ ಕೂಡಲೇ ವಾಚು ನೋಡುವ ರೂಢಿ ಹತ್ತಿದ್ದರೆ ಕೆಲವು ದಿನ ಅದನ್ನು ತೆಗೆದಿಡಿ.

ಬೆಟಗೇರಿ_ಅಕ್ಕಾವ್ರು, ಗದಗ

ಮೂವರಿಗೂ ಮನಃಪೂರ್ವಕ ವಂದನೆಗಳು. ತಂತ್ರಜ್ಞ ಅಣ್ಣಾವರು ಕೇಳಿದ ಪ್ರಶ್ನೆಯನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ನಿದ್ರೆ ಬಾರದಾಗ ನಾನು ಅಲುಗಾಡುವುದೇ ಇಲ್ಲ. ಪಕ್ಕದಲ್ಲಿ ಮಗಳು ಮಲಗಿರುತ್ತಾಳೆ, ಅವಳ ಪರೀಕ್ಷೆಯ ದಿನಗಳು. ಅಲ್ಲದೆ ಯೋಗ ತರಬೇತಿಯಲ್ಲಿ ಕಲಿಸಿದಂತೆ ರಾತ್ರಿ ಶವಾಸನದಲ್ಲಿ ಮಲಗಿ, ಕೈಗಳನ್ನು ದೇಹದ ಪಕ್ಕದಲ್ಲಿ ಸಡಿಲವಾಗಿ ಬಿಟ್ಟು, ಮನಸ್ಸಿನಲ್ಲಿಯೇ ಪಂಚಾಕ್ಷರಿ ಜಪ ಮಾಡುತ್ತೇನೆ. ಕೆಲವು ದಿನ ಎರಡು ತಾಸಿನವರೆಗೂ ಹಾಗೆಯೇ ಇರುತ್ತೇನೆ. ಆ ಎರಡು ತಾಸನ್ನೂ ಯಂತ್ರ ನಿದ್ರೆ ಎಂದೇ ಬರೆದಿರಬೇಕು ಎಂದು ಈಗ ಅರ್ಥವಾಯಿತು. ನಿನ್ನೆ ರಾತ್ರಿ ಇಲ್ಲಿಯ ಉತ್ತರವನ್ನು ಮನೆಯವರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಮತ್ತೊಮ್ಮೆ ಸರಿಯಾಗಿ ಅಳೆಸೋಣ" ಎಂದರು. ಇನ್ನೊಂದು ಸಂಗತಿ: ಆ ಹದಿನಾಲ್ಕು ದಿನಗಳಲ್ಲಿ ಮೂರು ದಿನ ನರಗುಂದದಲ್ಲಿ ತಂಗಿಯ ಮೈದುನನ ಮದುವೆ ಇತ್ತು, ಅಲ್ಲಿ ಯಾರೂ ಮಲಗಿದ್ದೇ ಇಲ್ಲ. ಮಾವನವರ ವಿಷಯಕ್ಕೂ ಯಾರಾದರೂ ವೈದ್ಯರು ಉತ್ತರಿಸಿದರೆ ಒಳ್ಳೆಯದು.

ನರರೋಗ_ವೈದ್ಯ, ಧಾರವಾಡ

ಅಕ್ಕಾವ್ರೇ, ಮೊದಲು ನಿಮ್ಮ ಮಾವನವರ ವಿಷಯ, ಏಕೆಂದರೆ ಅದು ನಿಮ್ಮ ತೊಂದರೆಗಿಂತ ತುರ್ತಿನದು. ಜೋರಾದ ಗೊರಕೆ, ನಿದ್ರೆಯಲ್ಲಿ ಉಸಿರು ನಿಂತು ಬೆಚ್ಚಿ ಏಳುವುದು, ಇವು ಸ್ಲೀಪ್ ಅಪ್ನಿಯಾದ ಲಕ್ಷಣಗಳು. ಅದರಲ್ಲಿ ಗಂಟಲಿನ ಮಾರ್ಗ ಮುಚ್ಚಿಕೊಂಡು ಉಸಿರಾಟ ನಿಲ್ಲುತ್ತದೆ, ರಕ್ತದ ಆಮ್ಲಜನಕ ಇಳಿಯುತ್ತದೆ. ಆ್ಯಕ್ಟಿಗ್ರಫಿಯ ಯಂತ್ರ ಈ ಎರಡನ್ನೂ ಅಳೆಯುವುದಿಲ್ಲ. ಅವರಿಗೆ ಬೇಕಾದದ್ದು ಆಸ್ಪತ್ರೆಯ ಪೂರ್ಣ ಪರೀಕ್ಷೆ ಅಥವಾ ವೈದ್ಯರು ಸೂಕ್ತವೆಂದರೆ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ, ಅಂದರೆ ಮೂಗಿನ ಬಳಿ ಗಾಳಿಯ ಹರಿವು ನೋಡುವ ಕೊಳವೆ, ಎದೆಗೆ ಪಟ್ಟಿ, ಬೆರಳಿಗೆ ಆಮ್ಲಜನಕದ ಮಾಪಕ. ಮುಂದಿನ ಮೂರು ವಾರ ಕಾಯದೆ ಅವರನ್ನು ಕರೆದೊಯ್ಯಿರಿ. ರಕ್ತದೊತ್ತಡವನ್ನೂ ತೋರಿಸಿ. ಹಗಲಿನಲ್ಲಿ ಕುಳಿತಲ್ಲೇ ತೂಕಡಿಸುವುದಿದ್ದರೆ ಅಲ್ಲಿಯವರೆಗೆ ಬೈಕ್ ಓಡಿಸದಿರಲಿ.

ಆದರೂ ಮನೆಯ ಪರೀಕ್ಷೆಯಲ್ಲಿ ಕೈಯ ಚಲನಮಾಪಕಕ್ಕೆ ಒಂದು ಪೋಷಕ ಪಾತ್ರವಿದೆ. ಅಪ್ನಿಯಾದ ತೀವ್ರತೆಯನ್ನು ತಾಸಿಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕದಿಂದ ಹೇಳುತ್ತೇವೆ: 5ರಿಂದ 15ರ ಒಳಗೆ ಸೌಮ್ಯ, 15ರಿಂದ 30ರ ಒಳಗೆ ಮಧ್ಯಮ, 30 ಮತ್ತು ಮೇಲೆ ತೀವ್ರ. ಮನೆಯ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮಿದುಳಿನ ಅಲೆಗಳ ದಾಖಲೆ ಇರದ ಕಾರಣ, ಎಂಟು ತಾಸು ಯಂತ್ರ ನಡೆದಿದ್ದರೆ ಎಂಟರಿಂದಲೇ ಭಾಗಿಸುತ್ತೇವೆ. 96 ಸಲ ಉಸಿರು ನಿಂತಿದ್ದರೆ ತಾಸಿಗೆ 12, ಅಂದರೆ ಸೌಮ್ಯ. ಆದರೆ ಆ ಎಂಟರಲ್ಲಿ ಎರಡು ತಾಸು ಅವರು ಎಚ್ಚರವಿದ್ದರೆ ಆರರಿಂದ ಭಾಗಿಸಬೇಕು. ಆಗ ಅದು 16, ಅಂದರೆ ಮಧ್ಯಮ. ನಿಜವಾಗಿ ನಿದ್ರೆಯಲ್ಲಿದ್ದ ಸಮಯದ ಅಂದಾಜಿಗೆ ಕೈಯ ಯಂತ್ರ ಇಲ್ಲಿ ನೆರವಾಗುತ್ತದೆ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿಯ 2018ರ ಮಾರ್ಗಸೂಚಿ ಈ ಬಳಕೆಯನ್ನೂ ಹೇಳುತ್ತದೆ.

ಆ್ಯಪಲ್ ವಾಚ್ ಅಪ್ನಿಯಾ ಹಿಡಿಯುತ್ತದೆಯಲ್ಲ ಎಂದು ಈಚೆಗೆ ಹಲವರು ಕೇಳುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅನುಮತಿ ಕೊಟ್ಟ ಆ ಸೌಲಭ್ಯ, ಉಸಿರಾಟದ ಏರುಪೇರಿನಿಂದ ಮಣಿಕಟ್ಟಿನಲ್ಲಿ ಉಂಟಾಗುವ ಸೂಕ್ಷ್ಮ ಚಲನೆಯನ್ನು ಆ್ಯಕ್ಸೆಲರೋಮೀಟರ್‌ನಿಂದಲೇ ಗುರುತಿಸಿ, ಮೂವತ್ತು ದಿನಗಳ ದಾಖಲೆಯನ್ನು ನೋಡಿ ಎಚ್ಚರಿಕೆ ಕೊಡುತ್ತದೆ. ಅದು ಎಚ್ಚರಿಕೆಯೇ ಹೊರತು ರೋಗನಿರ್ಣಯವಲ್ಲ. ಎಚ್ಚರಿಕೆ ಬರದಿದ್ದರೆ ರೋಗವಿಲ್ಲ ಎಂದೂ ಅಲ್ಲ. ನಿಮ್ಮ ಮಾವನವರಂಥ ಸ್ಪಷ್ಟ ಲಕ್ಷಣಗಳಿರುವವರು ಅದನ್ನು ಕಾಯುತ್ತ ಕೂಡಬಾರದು.

ಇನ್ನು ನಿಮ್ಮದು. ನಿದ್ರಾಹೀನತೆಯನ್ನು ಗುರುತಿಸುವುದು ಮುಖ್ಯವಾಗಿ ರೋಗಿಯ ಮಾತಿನಿಂದ. ವಾರದಲ್ಲಿ ಕನಿಷ್ಠ ಮೂರು ರಾತ್ರಿ, ಮೂರು ತಿಂಗಳಿಗಿಂತ ಹೆಚ್ಚು ಕಾಲ, ಮಲಗಲು ಅವಕಾಶವಿದ್ದೂ ನಿದ್ರೆ ಬಾರದೆ ಹಗಲಿನ ಕೆಲಸ ಕೆಡುತ್ತಿದ್ದರೆ ಅದು ದೀರ್ಘಕಾಲದ ನಿದ್ರಾಹೀನತೆ. ಅದಕ್ಕೆ ತಲೆಗೆ ತಂತಿ ಜೋಡಿಸುವ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹೊಸ ಜಾಗದಲ್ಲಿ, ಮೈತುಂಬ ತಂತಿಗಳೊಂದಿಗೆ ಕಳೆದ ಒಂದು ರಾತ್ರಿ ನಿಮ್ಮ ಎಂಟು ತಿಂಗಳನ್ನು ಪ್ರತಿನಿಧಿಸುವುದೂ ಇಲ್ಲ. ನಿಮ್ಮ ವೈದ್ಯರು ಮಾಡಿದ್ದು ಸರಿಯಾಗಿದೆ. ಯಂತ್ರವನ್ನು ಅವರು ಕೊಟ್ಟದ್ದು ನೀವು ಹೇಳುವುದು ನಿಜವೋ ಸುಳ್ಳೋ ಎಂದು ನೋಡಲು ಅಲ್ಲ. ನೀವು ಮಲಗುವ ಮತ್ತು ಏಳುವ ವೇಳೆ ದಿನದಿಂದ ದಿನಕ್ಕೆ ಜಾರುತ್ತಿದೆಯೇ, ರೈತ ಅಣ್ಣಾವರಂತೆ ದೇಹದ ಗಡಿಯಾರವೇ ತಪ್ಪಿದೆಯೇ, ರಜಾದಿನ ಮತ್ತು ಶಾಲೆಯ ದಿನಗಳ ನಡುವೆ ಅಂತರವಿದೆಯೇ ಎಂಬುದನ್ನು ನೋಡುವುದಕ್ಕಾಗಿ, ಮತ್ತು ಚಿಕಿತ್ಸೆಯ ನಂತರ ಮತ್ತೆ ಅಳೆದು ಹೋಲಿಸುವುದಕ್ಕಾಗಿ. ಅದೇ ಮಾರ್ಗಸೂಚಿ ಕನಿಷ್ಠ 72 ತಾಸಿನಿಂದ 14 ದಿನದವರೆಗೆ ನಿರಂತರವಾಗಿ ಕಟ್ಟಿಸುವ ಮಾತು ಹೇಳುವುದೂ ಇದಕ್ಕಾಗಿಯೇ. ಅತಿನಿದ್ರೆಯ ಪರೀಕ್ಷೆಗೆ ಮೊದಲು, ರೋಗಿ ಹಿಂದಿನ ವಾರಗಳಲ್ಲಿ ಸಾಕಷ್ಟು ಮಲಗಿದ್ದನೇ ಎಂದು ಖಚಿತಪಡಿಸಿಕೊಳ್ಳಲೂ ಇದು ಬೇಕಾಗುತ್ತದೆ. ನಿದ್ರೆಯಲ್ಲಿ ಪದೇ ಪದೇ ಕಾಲು ಝಾಡಿಸುವ ತೊಂದರೆಯನ್ನು ಮಾತ್ರ ಈ ಯಂತ್ರದಿಂದ ನಿರ್ಣಯಿಸಲೇಬಾರದು ಎಂದು ಅಲ್ಲಿ ಖಡಾಖಂಡಿತವಾಗಿ ಹೇಳಿದ್ದಾರೆ.

ನಿಮ್ಮ ವರದಿಯಲ್ಲಿ ನನ್ನ ಗಮನ ಸೆಳೆದದ್ದು ಆರು ತಾಸು ಇಪ್ಪತ್ತು ನಿಮಿಷವಲ್ಲ. ಎಚ್ಚರವನ್ನು ಕಡಿಮೆ ತೋರಿಸುವ ಯಂತ್ರವೇ ದಕ್ಷತೆ ಶೇ. 77 ಎಂದಿದೆ. ಸಾಮಾನ್ಯವಾಗಿ ನಾವು ಶೇ. 85 ಮತ್ತು ಅದಕ್ಕಿಂತ ಹೆಚ್ಚು ಇರಲಿ ಎಂದು ಬಯಸುತ್ತೇವೆ. ಅಂದರೆ ನಿಮ್ಮ ತೊಂದರೆಯನ್ನು ಆ ವರದಿ ಅಲ್ಲಗಳೆದಿಲ್ಲ, ಒಪ್ಪಿಕೊಂಡಿದೆ. ಮದುವೆಯ ಮೂರು ದಿನಗಳನ್ನು ತೆಗೆದು ಮತ್ತೆ ಲೆಕ್ಕ ಮಾಡುವಂತೆ ನಿಮ್ಮ ವೈದ್ಯರಿಗೆ ಹೇಳಿ. ಒಂಬತ್ತೂವರೆಗೇ ಹಾಸಿಗೆ ಸೇರಿ ನಿದ್ರೆಗಾಗಿ ಎರಡು ತಾಸು ಅಲುಗದೆ ಕಾಯುವುದು, ಉದ್ದೇಶ ಎಷ್ಟು ಒಳ್ಳೆಯದಾದರೂ, ಹಾಸಿಗೆಯನ್ನು ಎಚ್ಚರದ ಜಾಗವಾಗಿ ದೇಹಕ್ಕೆ ಕಲಿಸುತ್ತದೆ. ಜಪವನ್ನು ಬಿಡಬೇಡಿ, ಅದನ್ನು ಹಾಸಿಗೆಯಿಂದ ಹೊರಗೆ, ದೇವರ ಮುಂದೆ ಕುಳಿತು ಮಾಡಿ, ಕಣ್ಣು ಎಳೆಯುವಾಗ ಹಾಸಿಗೆಗೆ ಹೋಗಿ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ವರ್ತನೆ ಮತ್ತು ಆಲೋಚನೆಯ ಕ್ರಮವನ್ನು ಬದಲಿಸುವ ಸಿಬಿಟಿ ವಿಧಾನ. ಹಾಸಿಗೆಯಲ್ಲಿ ಕಳೆಯುವ ಸಮಯವನ್ನು ಎಷ್ಟಕ್ಕೆ ಇಳಿಸಬೇಕು ಎಂಬುದನ್ನು ಅದರಲ್ಲಿ ನಿಮ್ಮ ದಿನಚರಿಯ ಅಂಕಿಗಳಿಂದಲೇ ನಿರ್ಧರಿಸುತ್ತಾರೆ. ಅದನ್ನು ನೀವಾಗಿಯೇ ಮಾಡಿಕೊಳ್ಳಬೇಡಿ. ಥೈರಾಯ್ಡ್, ರಕ್ತಹೀನತೆ, ಮುಟ್ಟು ನಿಲ್ಲುವ ವಯಸ್ಸಿನ ಬದಲಾವಣೆ, ಮನಸ್ಸಿನ ಕುಗ್ಗುವಿಕೆ, ಇವುಗಳ ಬಗ್ಗೆಯೂ ವೈದ್ಯರೊಂದಿಗೆ ಸಂಕೋಚವಿಲ್ಲದೆ ಮಾತನಾಡಿ. ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆಗೆ ಹೋಗುವುದರಲ್ಲಿ ಯಾವ ನಾಚಿಕೆಯೂ ಇಲ್ಲ.

ಬೆಟಗೇರಿ_ಅಕ್ಕಾವ್ರು, ಗದಗ

ಡಾಕ್ಟರ್ ಸಾಹೇಬರೇ, ನಿಮ್ಮ ಉತ್ತರವನ್ನು ಮಾವನವರಿಗೆ ಓದಿ ಹೇಳಿದೆವು. ಮೊದಲು "ಗೊರಕೆಗೂ ಒಂದು ಪರೀಕ್ಷೆಯೇ" ಎಂದವರು, ಉಸಿರಿನ ಲೆಕ್ಕ ಕೇಳಿದ ಮೇಲೆ ಒಪ್ಪಿದ್ದಾರೆ. ಸೋಮವಾರ ಹುಬ್ಬಳ್ಳಿಗೆ ಕರೆದೊಯ್ಯುತ್ತೇವೆ. ನಮ್ಮ ವೈದ್ಯರಿಗೆ ಫೋನ್ ಮಾಡಿ ಮದುವೆಯ ದಿನಗಳನ್ನೂ ಶವಾಸನದ ವಿಷಯವನ್ನೂ ತಿಳಿಸಿದೆ. ಅವರು ಯಂತ್ರವನ್ನು ಮತ್ತೊಮ್ಮೆ ಹದಿನಾಲ್ಕು ದಿನ ಕೊಡುತ್ತೇನೆ, ಈ ಸಲ ದಿನಚರಿ ಪೂರ್ತಿ ಇರಲಿ ಎಂದಿದ್ದಾರೆ. ತಂತ್ರಜ್ಞ ಅಣ್ಣಾವರಲ್ಲಿ ಒಂದು ಸಣ್ಣ ಪ್ರಶ್ನೆ: ನನ್ನ ಎರಡೂ ಕೈಗಳಲ್ಲಿ ಗಾಜಿನ ಬಳೆಗಳಿವೆ. ಹೋದ ಸಲ ಯಂತ್ರವನ್ನು ಬಳೆಗಳ ನಡುವೆಯೇ ಸಡಿಲವಾಗಿ ಕಟ್ಟಿಕೊಂಡಿದ್ದೆ. ಅದರಿಂದ ಏನಾದರೂ ತೊಂದರೆಯಾಗಿರಬಹುದೆ?

ನಿದ್ರಾಪರೀಕ್ಷೆ_ಹುಬ್ಬಳ್ಳಿ

ಬಳೆ ತೆಗೆಯಬೇಕಾಗಿಲ್ಲ, ಅಕ್ಕಾವ್ರೇ. ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿ, ಅವುಗಳ ಕೆಳಗೆ, ಮಣಿಕಟ್ಟಿನ ಎಲುಬಿನ ಬಳಿ ಯಂತ್ರವನ್ನು ಕಟ್ಟಿ. ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಮಾತ್ರ ಸಡಿಲವಿರಲಿ. ಸಡಿಲವಾಗಿದ್ದರೆ ಯಂತ್ರ ತಾನೇ ಹೊಯ್ದಾಡಿ ಇಲ್ಲದ ಚಲನೆಯನ್ನು ಬರೆದುಕೊಳ್ಳುತ್ತದೆ. ನೀವು ಬಲಗೈಯಿಂದ ಬರೆಯುವವರಾದರೆ ಎಡಗೈಯೇ ಸರಿ, ಹದಿನಾಲ್ಕು ದಿನವೂ ಅದೇ ಕೈ ಇರಲಿ. ಯಂತ್ರದಲ್ಲಿ ಗುಂಡಿ ಇದ್ದರೆ ದೀಪ ಆರಿಸಿದಾಗ ಒಮ್ಮೆ, ಬೆಳಿಗ್ಗೆ ಎದ್ದಾಗ ಒಮ್ಮೆ ಒತ್ತಿ. ಬೆಳಕಿನ ಸಂವೇದಕವೂ ಇದ್ದರೆ ಸೀರೆಯ ಸೆರಗು ಅಥವಾ ಸ್ವೆಟರಿನ ತೋಳು ಅದನ್ನು ಮುಚ್ಚದಂತೆ ನೋಡಿಕೊಳ್ಳಿ. ಗಡಿಯಾರ ನೋಡಿ ನೋಡಿ ನಿಮಿಷಗಳನ್ನು ಬರೆಯುವ ಅಗತ್ಯವಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಹಿಂದಿನ ರಾತ್ರಿಯ ಅಂದಾಜನ್ನು ಒಂದೇ ಸಲ ಬರೆದರೆ ಸಾಕು. ದಿನಚರಿಯ ಹಾಳೆಯನ್ನು ಶಾಲೆಯ ಚೀಲದಲ್ಲಿ ಇಡಬೇಡಿ, ಚಹಾದ ಡಬ್ಬಿಯ ಪಕ್ಕದಲ್ಲಿ ಇಡಿ, ಬೆಳಿಗ್ಗೆ ಮೊದಲು ಕೈ ಹೋಗುವುದು ಅಲ್ಲಿಗೆ.